ತಾರಸಿಯ ಬೀಗ ತೆಗೆಯಿರಿ

ಭಕ್ತಬಂಧುಗಳೇ, ಶ್ರೀಮಠದ ಹಳೆಯ ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಅನೇಕರು ಹತ್ತು-ಹನ್ನೆರಡರ ವಯಸ್ಸಿನಲ್ಲಿ ಒಂದು ತಗಡಿನ ಟ್ರಂಕು, ಒಂದು ಚಾಪೆ, ಒಂದು ತಟ್ಟೆ-ಲೋಟಗಳೊಡನೆ ಮಠದ ಪ್ರಸಾದನಿಲಯದ ಬಾಗಿಲಿಗೆ ಬಂದು ನಿಂತವರು. ಅಂದು ನಿಮ್ಮದೆಂದು ಹೇಳಿಕೊಳ್ಳಲು ಇದ್ದ ಜಾಗ ಆ ಟ್ರಂಕಿನಷ್ಟು ಮಾತ್ರ. ಮಲಗಲು ದೊರೆತದ್ದು ಆ ಚಾಪೆಯ ಅಗಲ ಮಾತ್ರ. ಆದರೂ ತಾವು ಇಕ್ಕಟ್ಟಿನಲ್ಲಿ ಬೆಳೆದೆವೆಂದು ನಿಮ್ಮಲ್ಲಿ ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಕಾರಣ ಸ್ಪಷ್ಟವಾಗಿದೆ. ಕೋಣೆ ಚಿಕ್ಕದಾಗಿದ್ದರೂ ಮಠದ ಅಂಗಳ ನಿಮ್ಮೆಲ್ಲರದಾಗಿತ್ತು. ಪ್ರಾತಃಕಾಲದ ಪ್ರಾರ್ಥನೆಗೆ ಸಾಲುಗಟ್ಟಿ ಕುಳಿತದ್ದು ಅಲ್ಲಿ. ಬೇವಿನ ಮರದ ನೆರಳಿನಲ್ಲಿ ಪರೀಕ್ಷೆಯ ಪಾಠ ಉರುಹೊಡೆದದ್ದು ಅಲ್ಲಿ. ಚಿನ್ನಿದಾಂಡು ಆಡಿ ಮೊಣಕಾಲು ಕೆತ್ತಿಸಿಕೊಂಡದ್ದು ಅಲ್ಲಿ. ಬೇಸಗೆಯ ರಾತ್ರಿ ನಕ್ಷತ್ರ ಎಣಿಸುತ್ತ ನಿದ್ದೆಹೋದದ್ದೂ ಅಲ್ಲಿಯೇ. ಆ ಅಂಗಳಕ್ಕೆ ನಿಮ್ಮಿಂದ ಬಾಡಿಗೆ ಕೇಳಿದವರಿರಲಿಲ್ಲ. ಅದಕ್ಕೆ ಬೀಗ ಜಡಿದವರೂ ಇರಲಿಲ್ಲ.

ಹಾಗೆ ಬೆಳೆದ ನೀವು ಇಂದು ಬೆಂಗಳೂರು ಮೊದಲಾದ ನಗರಗಳಲ್ಲಿ ಸ್ವಂತ ದುಡಿಮೆಯಿಂದ ಮನೆ ಕಟ್ಟಿಸಿದ್ದೀರಿ. ಇದು ಸಂತೋಷದ ಸಂಗತಿ. ನಿಮಗೆ ಪಾಠ ಹೇಳಿದ ನನ್ನಂಥವರಿಗೆ ಹೆಮ್ಮೆಯ ಸಂಗತಿಯೂ ಹೌದು. ಆದರೆ ಇಂದು ನಾನು ಅಭಿನಂದಿಸುವುದಕ್ಕಾಗಿ ಲೇಖನಿ ಹಿಡಿದಿಲ್ಲ. ಒಂದು ಪ್ರಶ್ನೆ ಕೇಳುವುದಕ್ಕಾಗಿ ಹಿಡಿದಿದ್ದೇನೆ. ನಿಮ್ಮ ಮನೆಯಲ್ಲಿ ಬಾಡಿಗೆಗಿರುವ ಸಂಸಾರಗಳ ಮಕ್ಕಳು ಬಿಸಿಲಿಗೆ ಬರುವುದು ಎಲ್ಲಿ? ನಿಮ್ಮ ಮನೆಯ ತಾರಸಿಯ ಬೀಗದ ಕೈ ಯಾರ ಬಳಿ ಇದೆ?

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ ಬಗೆಯನ್ನು ಹೇಳುತ್ತೇನೆ. ಕೆಲಕಾಲದ ಹಿಂದೆ ಶ್ರಾವಣ ಮಾಸದ ಒಂದು ಸೋಮವಾರ, ಬೆಂಗಳೂರಿನಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆ. ಅವರು ಭಕ್ತಿವಂತರು, ಮಠದ ಕಾರ್ಯಗಳಿಗೆ ಎಂದೂ ಕೈ ಹಿಂದೆಗೆದವರಲ್ಲ. 30 ಅಡಿಗೆ 40 ಅಡಿ ನಿವೇಶನದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ. ಮೇಲಿನ ಅಂತಸ್ತಿನಲ್ಲಿ ಅವರ ವಾಸ. ಕೆಳಗಿನ ಅಂತಸ್ತುಗಳನ್ನು ಒಂದೊಂದನ್ನೂ ಎರಡೆರಡು ಪೋರ್ಷನ್ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಮೆಟ್ಟಿಲು ಹತ್ತುವ ಮೊದಲು ಕೆಳಗಿನ ಮನೆಯ ತೆರೆದ ಬಾಗಿಲಲ್ಲಿ ಒಬ್ಬ ವೃದ್ಧೆ ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವುದನ್ನು ಕಂಡೆ. ಮಧ್ಯಾಹ್ನ ಹನ್ನೆರಡು ಗಂಟೆ. ಹೊರಗೆ ಮೋಡ ಚೆದುರಿ ಚೆನ್ನಾದ ಬಿಸಿಲು ಬಿದ್ದಿತ್ತು. ಆ ಮನೆಯೊಳಗೆ ಮಾತ್ರ ವಿದ್ಯುದ್ದೀಪ ಉರಿಯುತ್ತಿತ್ತು. ಒಣಗದ ಬಟ್ಟೆಯ ಮುಗ್ಗಲು ವಾಸನೆ ಬಾಗಿಲವರೆಗೂ ಬರುತ್ತಿತ್ತು. ನನ್ನ ಹಣೆಯ ವಿಭೂತಿಯನ್ನು ಕಂಡು ಆ ತಾಯಿ ಕೈಮುಗಿದರು. ಅವರ ಮಾತು ಹಾವೇರಿ ಕಡೆಯದು. "ಇಲ್ಲಿ ಬಿಸಿಲು ಯಾವ ಕಡೆ ಬೀಳ್ತದ್ರೀ ಅಜ್ಜಾರ? ಬಂದು ಎರಡು ತಿಂಗಳಾತು, ನನಗ ಮೂಡಣ ಪಡುವಣನೂ ತಿಳಿವಲ್ದು" ಎಂದರು. ತಾರಸಿಗೆ ಹೋಗಿ ಕುಳಿತುಕೊಳ್ಳಬಾರದೆ ಎಂದು ಕೇಳಿದೆ. "ಅದಕ್ಕ ಕೀಲಿ ಹಾಕ್ಯಾರ್ರೀ" ಎಂದು ತಣ್ಣಗೆ ಹೇಳಿದರು. ಆ ಧ್ವನಿಯಲ್ಲಿ ದೂರು ಇರಲಿಲ್ಲ. ಅದು ಪಟ್ಟಣದ ರೀತಿ ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದರು.

ಪ್ರಸಾದವಾದ ಬಳಿಕ ಮನೆಯವರಲ್ಲಿ ಈ ಮಾತೆತ್ತಿದೆ. "ಮೇಲೆ ಬಿಟ್ಟರೆ ಹಾಳು ಮಾಡುತ್ತಾರೆ, ಗುರುಗಳೇ. ನೀರಿನ ಟ್ಯಾಂಕ್ ಇದೆ, ಸೋಲಾರ್ ಇದೆ; ಹುಡುಗರು ಕೈಯಾಡಿಸುತ್ತಾರೆ" ಎಂದು ನಯವಾಗಿಯೇ ಉತ್ತರಿಸಿದರು. ಅವರ ಅನ್ನವುಂಡು ಅವರ ಮನೆಯಲ್ಲಿ ಕುಳಿತಿದ್ದ ನಾನು ಅಂದು ಮುಂದೆ ಮಾತನಾಡಲಿಲ್ಲ. ದಾಕ್ಷಿಣ್ಯ ನನ್ನ ಬಾಯಿ ಕಟ್ಟಿತು. ಅಂದು ಆಡದೆ ಉಳಿದ ಮಾತನ್ನು ಇಂದು ನಿಮ್ಮೆಲ್ಲರೆದುರು ಆಡುತ್ತಿದ್ದೇನೆ. ಏಕೆಂದರೆ ಅದು ಒಬ್ಬರ ಮನೆಯ ವಿಚಾರವಲ್ಲ; ಬೆಂಗಳೂರಿನ ಬೀದಿ ಬೀದಿಯಲ್ಲಿ, ಈಗ ಹುಬ್ಬಳ್ಳಿ, ಮೈಸೂರು, ತುಮಕೂರು, ದಾವಣಗೆರೆಗಳಲ್ಲಿಯೂ ಕಾಣುವ ವಿಚಾರ.

ಮೊದಲು ಲೆಕ್ಕವನ್ನು ನೋಡೋಣ. 30 ಅಡಿಗೆ 40 ಅಡಿ ನಿವೇಶನವೆಂದರೆ 1200 ಚದರ ಅಡಿ. ಎಷ್ಟು ತೆರಪು ಬಿಡಬೇಕೆಂಬುದು ನಿವೇಶನದ ಅಳತೆಗೆ ತಕ್ಕಂತೆ ಬೇರೆಬೇರೆಯಾಗಿರುತ್ತದೆ. ಉದಾಹರಣೆಗಾಗಿ ನಾಲ್ಕು ಕಡೆಗೂ ಮೂರು ಮೂರು ಅಡಿ ಬಿಟ್ಟರೆಂದು ಭಾವಿಸಿ. ಕಟ್ಟಡಕ್ಕೆ ಉಳಿಯುವುದು 24 ಅಡಿಗೆ 34 ಅಡಿ, ಅಂದರೆ 816 ಚದರ ಅಡಿ. ತೆರಪಾಗಿ ನಿಲ್ಲುವುದು 384 ಚದರ ಅಡಿ. ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಈಗ ಮನಸ್ಸು ಚಂಚಲವಾಗುತ್ತದೆ. ಈ 384 ಚದರ ಅಡಿಯನ್ನು ನಾಲ್ಕು ಅಂತಸ್ತುಗಳಲ್ಲಿಯೂ ನುಂಗಿದರೆ ದೊರೆಯುವುದು 1536 ಚದರ ಅಡಿ! ಕೊಂಡ ನಿವೇಶನಕ್ಕಿಂತ ಹೆಚ್ಚಿನ ಜಾಗ ಕಾಸು ಖರ್ಚಿಲ್ಲದೆ ಕೈಗೆ ಬಂದಂತಾಯಿತು. ಆಗ ಮಂಜೂರಾದ ನಕ್ಷೆ ಒಂದು, ಎದ್ದು ನಿಂತ ಕಟ್ಟಡ ಇನ್ನೊಂದು ಆಗುತ್ತದೆ. ನೆಲಮಟ್ಟದಲ್ಲಿ ಅಷ್ಟಿಷ್ಟು ಬಿಟ್ಟವರು ಕೂಡ ಮೊದಲನೆಯ ಅಂತಸ್ತಿನಿಂದ ಗೋಡೆಯನ್ನು ಹೊರಚಾಚಿ, ಕೆಳಗೆ ಬಿಟ್ಟದ್ದನ್ನು ಮೇಲೆ ಕಸಿದುಕೊಳ್ಳುತ್ತಾರೆ.

ಇದರಲ್ಲಿ ನಷ್ಟ ಯಾರಿಗೆ? ನೀವು ಬಿಡುವ ಮೂರು ಅಡಿ, ನೆರೆಯವರು ಬಿಡುವ ಮೂರು ಅಡಿ ಸೇರಿದರೆ ಎರಡು ಮನೆಗಳ ನಡುವೆ ಆರು ಅಡಿಯ ಓಣಿ. ಅದರಲ್ಲಿ ಗಾಳಿ ಆಡುತ್ತದೆ, ಬೆಳಕು ಇಳಿಯುತ್ತದೆ. ನೀವು ನುಂಗಿದರೆ ಅರ್ಧ ಓಣಿ ಹೋಯಿತು. ನಿಮ್ಮನ್ನು ನೋಡಿ ಅವರೂ ನುಂಗಿದರೆ ಪೂರ್ತಿ ಹೋಯಿತು. ಆಮೇಲೆ ಕಿಟಕಿ ತೆರೆದರೆ ಕಾಣುವುದು ಪಕ್ಕದ ಮನೆಯ ಗೋಡೆ. ಮೇಲಂತಸ್ತಿನಲ್ಲಿರುವ ಮಾಲೀಕನಿಗೆ ಇದು ತಟ್ಟುವುದಿಲ್ಲ. ಅವನ ತಲೆಯ ಮೇಲೆ ತಾರಸಿಯೂ ತಾರಸಿಯ ಮೇಲೆ ಆಕಾಶವೂ ಇವೆ. ತಟ್ಟುವುದು ಕೆಳಗಿನ ಬಾಡಿಗೆದಾರನಿಗೆ. ನೆಲದ ಬಯಲು ಕಟ್ಟಡದ ಪಾಲಾಯಿತು. ಉಳಿದ ಒಂದೇ ಬಯಲಾದ ತಾರಸಿ ಬೀಗದ ಪಾಲಾಯಿತು. ತಿಂಗಳ ಐದರೊಳಗೆ ತಪ್ಪದೆ ಬಾಡಿಗೆ ಕೊಡುವ ಆ ಸಂಸಾರಕ್ಕೆ ಆಕಾಶ ನೋಡಬೇಕೆಂದರೆ ವಾಹನಗಳು ನುಗ್ಗುವ ರಸ್ತೆಯೇ ಗತಿ.

ಹಳೆಯ ಕಾಲವೆಲ್ಲ ಚಿನ್ನದ ಕಾಲವಾಗಿತ್ತೆಂದು ಹಾಡುವ ಉದ್ದೇಶ ನನಗಿಲ್ಲ. ಹಳ್ಳಿಯ ಮನೆಗಳಿಗೆ ಮುಂದೆ ಅಂಗಳ, ಬಾಗಿಲ ಇಕ್ಕೆಲದಲ್ಲಿ ಕಟ್ಟೆ, ಹಿಂದೆ ಹಿತ್ತಲು, ಮೇಲೆ ಹಪ್ಪಳ-ಸಂಡಿಗೆ ಒಣಗಿಸುವ ಮಾಳಿಗೆ ಇದ್ದವೆಂಬುದು ನಿಜ. ಆದರೆ ಆ ಕಟ್ಟೆಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಾಚೆಯೇ ನಿಂತು ಕೂಗಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಹೆಣ್ಣುಮಕ್ಕಳ ಲೋಕ ಅಡಿಗೆಮನೆ-ಹಿತ್ತಲುಗಳ ನಡುವೆ ಮುಗಿದುಹೋಗುತ್ತಿತ್ತು. ಅದು ಮರಳಿ ಬರುವುದು ಬೇಡ. ಮೈಸೂರು-ಬೆಂಗಳೂರುಗಳ ವಠಾರಗಳನ್ನು ನೋಡಿದವರು ಇನ್ನೊಂದು ಮಾತನ್ನು ಬಲ್ಲರು. ವಠಾರದ ಮನೆ ಎರಡೇ ಕೋಣೆ, ನಲ್ಲಿ ಒಂದು, ಕೊಡ ಇಪ್ಪತ್ತು, ಜಗಳಕ್ಕೆ ಬರವಿರಲಿಲ್ಲ. ಆದರೂ ನಡುವೆ ಎಲ್ಲರಿಗೂ ಸೇರಿದ ಅಂಗಳವೊಂದಿತ್ತು. ಅಲ್ಲಿ ಮಗು ಅಂಬೆಗಾಲಿಕ್ಕಿತು, ಮುದುಕರು ಬಿಸಿಲು ಕಾಯಿಸಿದರು, ಬಾಣಂತಿಯ ಬಟ್ಟೆ ಒಣಗಿತು. ಬಡವರ ವಠಾರಕ್ಕೆ ಸಾಧ್ಯವಾದದ್ದು ಗ್ರಾನೈಟ್ ಹಾಸಿದ ನಮ್ಮ ಕಟ್ಟಡಗಳಿಗೆ ಸಾಧ್ಯವಾಗಿಲ್ಲ. ಆದಕಾರಣ ಮನೆ ಚಿಕ್ಕದಾಗಿರುವುದು ಅಪರಾಧವಲ್ಲ. ಎಲ್ಲರ ಪಾಲಿನ ಬಯಲನ್ನು ಒಬ್ಬನೇ ಕಬಳಿಸುವುದು ಅಪರಾಧ. ನನ್ನ ಲೇಖನದ ಸಾರವೆಲ್ಲ ಇಷ್ಟೇ.

ತೆರಪು ಬಿಡುವುದು ಉಳ್ಳವರ ವಿಲಾಸವೆಂದು ಭಾವಿಸುವವರು ಬೆಂಗಳೂರಿನ ಚರಿತ್ರೆಯನ್ನೇ ಒಮ್ಮೆ ತಿರುವಿ ನೋಡಲಿ. 1898ರಲ್ಲಿ ಪ್ಲೇಗು ಮಾರಿ ಆ ಊರಿಗೆ ಕಾಲಿಟ್ಟಿತು. ಗೋಡೆಗೆ ಗೋಡೆ ತಾಗಿಕೊಂಡಿದ್ದ, ಗಾಳಿಬೆಳಕು ಕಾಣದ ಪೇಟೆಯ ಮನೆಗಳಲ್ಲಿ ಜನ ಸತ್ತರು. ಉಳಿದವರು ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿದರು. ಆ ಭೀತಿಯ ತರುವಾಯವೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಜನ ಹೆಚ್ಚಾಗಿ ಹೋಗಿ ನೆಲಸಿದರು. ಅಗಲವಾದ ಬೀದಿ, ಮನೆಯ ಸುತ್ತ ತೆರಪು, ಮನೆಗಳ ಹಿಂಬದಿಯಲ್ಲಿ ಕಸ ಸಾಗಿಸಲು ಪ್ರತ್ಯೇಕ ಓಣಿ. ಇವೆಲ್ಲ ಹೆಣಗಳನ್ನು ಹೊತ್ತ ಮೇಲೆ ಆ ಊರು ಕಲಿತ ಪಾಠ. ನೂರಿಪ್ಪತ್ತೈದು ವರ್ಷಗಳಲ್ಲಿ ನಾವು ಆ ಪಾಠವನ್ನು ಮರೆತು, ಹೊಸ ಬಡಾವಣೆಗಳನ್ನೆಲ್ಲ ಹಳೆಯ ಪೇಟೆಗಳನ್ನಾಗಿ ಮಾಡುತ್ತಿದ್ದೇವೆ. ವ್ಯತ್ಯಾಸವೆಂದರೆ ಅಂದಿನ ಮನೆಗಳಿಗೆ ಒಂದೆರಡು ಅಂತಸ್ತು, ಇಂದಿನವಕ್ಕೆ ನಾಲ್ಕೈದು.

ಬಯಲಿಲ್ಲದ ಬಾಳಿನ ಫಲವನ್ನು ವೈದ್ಯರು ಹೇಳುತ್ತಿದ್ದಾರೆ. ಚರ್ಮದ ಮೇಲೆ ಬಿಸಿಲು ನೇರವಾಗಿ ಬಿದ್ದರೆ ಮೂಳೆಗೆ ಬೇಕಾದ ಡಿ ಜೀವಸತ್ವ ದೇಹದಲ್ಲಿಯೇ ಉಂಟಾಗುತ್ತದೆ. ಮುಚ್ಚಿದ ಗಾಜಿನ ಕಿಟಕಿಯ ಮೂಲಕ ಬಂದ ಬಿಸಿಲಿನಿಂದ ಆ ಪ್ರಯೋಜನವಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ. ಕ್ಷಯದಂಥ ರೋಗಗಳು ಗಾಳಿಯಾಡದ ಇಕ್ಕಟ್ಟಿನ ಕೋಣೆಗಳಲ್ಲಿ ಒಬ್ಬರಿಂದೊಬ್ಬರಿಗೆ ಸುಲಭವಾಗಿ ಹಬ್ಬುತ್ತವೆ. ಮಕ್ಕಳ ಕಣ್ಣಿನ ವಿಷಯವಂತೂ ಪ್ರತಿಯೊಬ್ಬ ತಾಯ್ತಂದೆಯೂ ಗಮನಿಸತಕ್ಕದ್ದು. ಚೀನಾ ದೇಶದ ಗುವಾಂಗ್‌ಜೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನು ಪ್ರತಿ ಶಾಲಾದಿನ 40 ನಿಮಿಷ ಹೆಚ್ಚಾಗಿ ಬಯಲಿಗೆ ಕರೆತಂದರು. ಅಷ್ಟೇ, ಔಷಧಿಯಿಲ್ಲ, ಮಾತ್ರೆಯಿಲ್ಲ. ಮೂರು ವರ್ಷಗಳಲ್ಲಿ ಉಳಿದ ಶಾಲೆಗಳ ಮಕ್ಕಳಲ್ಲಿ ಶೇಕಡ 39.5ರಷ್ಟು ಮಂದಿಗೆ ದೂರದೃಷ್ಟಿ ಮಂದವಾಗುವ ದೋಷ ಬಂದಿದ್ದರೆ, ಬಯಲಿಗೆ ಬಂದ ಮಕ್ಕಳಲ್ಲಿ ಅದು ಶೇಕಡ 30.4ಕ್ಕೆ ನಿಂತಿತು. ದಿನಕ್ಕೆ 40 ನಿಮಿಷದ ಬಯಲಿಗೆ ಇಷ್ಟು ಶಕ್ತಿಯುಂಟು! ಅದನ್ನು ಕೊಡಲಾರದ ನಾವು ಮಗುವಿನ ಕೈಗೆ ಮೊಬೈಲು ಕೊಟ್ಟು, ಆಮೇಲೆ ಮೂಗಿನ ಮೇಲೆ ಕನ್ನಡಕ ಕೊಡಿಸುತ್ತೇವೆ.

2020ನೆಯ ಇಸವಿಯನ್ನು ನೀವು ಮರೆತಿರಲಾರಿರಿ. ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಮನೆಯೊಳಗೆ ಉಳಿಯಬೇಕೆಂಬ ಆಜ್ಞೆ ಹೊರಟಿತು. ಅಂದು ಅಂಗಳವಿದ್ದವರು ಮನೆಯೊಳಗಿದ್ದರು; ಅಂಗಳವಿಲ್ಲದವರು ಸೆರೆಯೊಳಗಿದ್ದರು. ಹತ್ತು ಅಡಿ ಕೋಣೆಯಲ್ಲಿ ಐವರು ಕುಳಿತ ಆ ದಿನಗಳಲ್ಲಿ ಎಷ್ಟು ಮಂದಿ ಮಾಲೀಕರು ತಾರಸಿಯ ಬಾಗಿಲನ್ನು ತೆರೆದರು, ಎಷ್ಟು ಮಂದಿ ಇನ್ನೊಂದು ಬೀಗ ಸೇರಿಸಿದರು ಎಂಬುದನ್ನು ಅವರವರ ಅಂತರಂಗವೇ ಬಲ್ಲದು.

ಸಾವಿನ ಮಾತನ್ನೂ ಆಡಲೇಬೇಕು. ಲಿಂಗೈಕ್ಯರಾದವರನ್ನು ಕುಳ್ಳಿರಿಸಿ, ಹೂಮಾಲೆ ಹಾಕಿ, ಬಂಧುಬಳಗದ ಅಂತಿಮ ದರ್ಶನಕ್ಕೆ ಇರಿಸುವುದು ನಮ್ಮ ರೂಢಿ. ಊರಿನಲ್ಲಿ ಅದಕ್ಕೆ ಪಡಸಾಲೆಯಿತ್ತು, ಅಂಗಳವಿತ್ತು. ನಗರದ ಮೂರನೆಯ ಅಂತಸ್ತಿನಿಂದ ಇಬ್ಬರು ಎದುರುಬದುರಾದರೆ ಮೈ ತಾಗುವ ಮೆಟ್ಟಿಲಿನಲ್ಲಿ ಆ ದೇಹವನ್ನು ಇಳಿಸುವ ಕಷ್ಟವನ್ನು ಹೊತ್ತವರೇ ಬಲ್ಲರು. ಕೆಳಗೆ ತಂದ ಮೇಲೆ ಇರಿಸಲು ಸ್ಥಳವಿಲ್ಲದೆ ನಡುರಸ್ತೆಯಲ್ಲಿ ಶಾಮಿಯಾನ ಹಾಕಿ, ಒಂದು ಪಕ್ಕದಲ್ಲಿ ವಚನಗಾಯನ, ಇನ್ನೊಂದು ಪಕ್ಕದಲ್ಲಿ ಆಟೋರಿಕ್ಷಾಗಳ ಹಾರ್ನು! ಹೆತ್ತವರನ್ನು ಬೀಳ್ಕೊಡಲು ಹತ್ತು ಅಡಿ ನೆಲ ಉಳಿಸಿಕೊಳ್ಳದವರು ನಾವು ಕಟ್ಟಿದ್ದು ಮನೆಯೋ ಉಗ್ರಾಣವೋ?

ಈಗ ನಿಮ್ಮ ಆಕ್ಷೇಪಣೆಗಳಿಗೆ ಬರುತ್ತೇನೆ. ಅವು ನನಗೆ ತಿಳಿಯದವಲ್ಲ.

"ನೆಲದ ಬೆಲೆ ಆಕಾಶಕ್ಕೇರಿದೆ, ಬ್ಯಾಂಕಿನ ಸಾಲದ ಕಂತು ಕಟ್ಟಬೇಕು, ಬಾಡಿಗೆ ಬಾರದಿದ್ದರೆ ಬದುಕುವುದು ಹೇಗೆ?" ಎಂಬುದು ಮೊದಲನೆಯದು. ಬಾಡಿಗೆ ಪಡೆಯಬೇಡಿರೆಂದು ನಾನು ಹೇಳುತ್ತಿಲ್ಲ. ಕಾಯಕದಿಂದ ಗಳಿಸಿ ಕಟ್ಟಿದ ಮನೆಗೆ ಬಾಡಿಗೆ ಪಡೆಯುವುದು ನ್ಯಾಯವೇ. ಆದರೆ ಕಟ್ಟಿದ ಮನೆಗೆ ಬಾಡಿಗೆ ಪಡೆಯುವುದು ಬೇರೆ, ಕಟ್ಟಬಾರದ ಜಾಗದಲ್ಲಿ ಕಟ್ಟಿ ಅದಕ್ಕೂ ಬಾಡಿಗೆ ಪಡೆಯುವುದು ಬೇರೆ. 20 ಅಡಿಗೆ 30 ಅಡಿಯ ನಿವೇಶನದಲ್ಲಿ ತನ್ನ ಸಂಸಾರಕ್ಕೆಂದು ಸೂರು ಕಟ್ಟಿಕೊಂಡ ಬಡವನ ಕಷ್ಟ ನಿಜವಾದದ್ದು; 600 ಚದರ ಅಡಿಯಲ್ಲಿ ಅವನು ಸುತ್ತಲೂ ಮೂರಡಿ ಬಿಟ್ಟರೆ ಉಳಿಯುವುದು 336 ಚದರ ಅಡಿ. ಅವನನ್ನು ನಾನು ದೂಷಿಸಲಾರೆ. ಅಂಥವರ ಬಡಾವಣೆಗಳಲ್ಲಿ ಮನೆಮನೆಗೆ ತೆರಪು ಹುಡುಕುವುದಕ್ಕಿಂತ ಹತ್ತಿಪ್ಪತ್ತು ಮನೆಗಳ ನಡುವೆ ಒಂದು ಸಾಮೂಹಿಕ ಅಂಗಳವನ್ನು ಯೋಜನೆಯಲ್ಲಿಯೇ ಇಡುವುದು ಸರ್ಕಾರದ ಕರ್ತವ್ಯ. ಆದರೆ ಎರಡು ಮೂರು ಕಟ್ಟಡಗಳ ಒಡೆಯರಾಗಿ, ಆ ಬಡವನ ಹೆಸರನ್ನು ಗುರಾಣಿಯಂತೆ ಹಿಡಿದು ತಮ್ಮ ಲೋಭವನ್ನು ಕಾಯ್ದುಕೊಳ್ಳುವವರಿಗೆ ಈ ರಿಯಾಯಿತಿ ಸಲ್ಲದು.

"ಬಾಡಿಗೆದಾರರು ತಾರಸಿಯನ್ನು ಹಾಳುಮಾಡುತ್ತಾರೆ, ಮಕ್ಕಳು ಬೀಳುತ್ತಾರೆ" ಎಂಬುದು ಎರಡನೆಯದು. ಬೀಳಬಾರದೆಂದರೆ ಎದೆಮಟ್ಟದ ತಡೆಗೋಡೆ ಕಟ್ಟಿಸಿರಿ. ಟ್ಯಾಂಕಿಗೂ ಸೋಲಾರಿಗೂ ಸುತ್ತ ಜಾಲರಿ ಹಾಕಿ ಆ ಜಾಲರಿಗೆ ಬೀಗ ಹಾಕಿರಿ. ಎರಡು ತೊಟ್ಟಿಗಳ ರಕ್ಷಣೆಗಾಗಿ ಇಡೀ ಆಕಾಶಕ್ಕೆ ಬೀಗವೇಕೆ? ಮಠದಲ್ಲಿ ನಿಮ್ಮಂಥ ನೂರಾರು ತುಂಟರನ್ನು ಅಂಗಳಕ್ಕೆ ಬಿಟ್ಟಾಗ ಗಿಡ ಮುರಿಯಲಿಲ್ಲವೆ, ಹೆಂಚು ಒಡೆಯಲಿಲ್ಲವೆ? ಒಡೆದದ್ದನ್ನು ಸರಿಪಡಿಸಿದರೇ ಹೊರತು ಅಂಗಳವನ್ನು ಮುಚ್ಚಲಿಲ್ಲ.

"ಉದ್ಯಾನಗಳಿವೆಯಲ್ಲ" ಎಂಬುದು ಮೂರನೆಯದು. ಇವೆ, ಎಲ್ಲ ಬಡಾವಣೆಗಳಲ್ಲಿ ಇಲ್ಲ. ಇರುವಲ್ಲಿಯೂ ರಸ್ತೆ ದಾಟಿ ಹೋಗಬೇಕಾದ ಉದ್ಯಾನಕ್ಕೆ ಮೂರು ವರ್ಷದ ಮಗು ತಾನಾಗಿ ಹೋಗಲಾರದು. ಮೊಣಕಾಲು ನೋವಿನ ಮುದುಕಿ ನಿತ್ಯವೂ ಹೋಗಲಾರಳು. ಸೌಟು ಹಿಡಿದ ಗೃಹಿಣಿ ಐದು ನಿಮಿಷ ಬಿಡುವಾದಾಗ ಹೋಗಿಬರಲಾರಳು. ಉದ್ಯಾನ ಬೇಕು, ಆದರೆ ಅದು ಮನೆಬಾಗಿಲ ಬಯಲಿಗೆ ಬದಲಾಗಲಾರದು. ಇರುವ ಉದ್ಯಾನಗಳು ಉಳಿದಿರುವುದು ಕೂಡ ತಾವಾಗಿಯೇ ಅಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಸ್ಥಳವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಾಗ, ಆ ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪಕ್ಷವನ್ನೇ ಎತ್ತಿಹಿಡಿದು, ಜನರೆಲ್ಲರ ಉದ್ಯಾನವನ್ನು ಖಾಸಗಿಯವರಿಗೆ ಒಪ್ಪಿಸುವಂತಿಲ್ಲವೆಂದು ತೀರ್ಪಿತ್ತಿತು. ಉದ್ಯಾನ, ಆಟದ ಮೈದಾನ ಮತ್ತು ತೆರಪು ಸ್ಥಳಗಳ ರಕ್ಷಣೆಗೆಂದು 1985ರ ಕಾಯಿದೆಯೊಂದು ನಮ್ಮ ರಾಜ್ಯದಲ್ಲಿದೆ. ಸಾರ್ವಜನಿಕ ಬಯಲನ್ನು ಖಾಸಗಿಯವರಿಂದ ಉಳಿಸಿಕೊಳ್ಳಲು ಜನ ಇಷ್ಟೆಲ್ಲ ಹೋರಾಡಿದ ಊರಿನಲ್ಲಿ, ನಮ್ಮ ಮನೆಯ ಸುತ್ತಲಿನ ಬಯಲನ್ನು ನಾವೇ ನುಂಗುತ್ತಿದ್ದೇವೆ.

"ಎಲ್ಲರೂ ಮಾಡುತ್ತಾರೆ, ಸರ್ಕಾರವೇ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುತ್ತದೆ" ಎಂಬುದು ಕೊನೆಯದು, ಎಲ್ಲಕ್ಕಿಂತ ಅಪಾಯಕಾರಿಯಾದದ್ದು. ಅಕ್ರಮ-ಸಕ್ರಮ ಯೋಜನೆಯ ಪ್ರಕಾರ ವಾಸದ ಮನೆಗಳಲ್ಲಿ ಶೇಕಡ 50ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿ ಪಾರಾಗಲು ಅವಕಾಶವಿತ್ತು. 2016ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಅದನ್ನು ಒಪ್ಪಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. 2024ರ ಡಿಸೆಂಬರಿನಲ್ಲಿ ಮೀರತ್ ನಗರದ ಕಟ್ಟಡವೊಂದರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕಟ್ಟಡ ನಿಯಮದಂತೆ ಮುಗಿದಿದೆಯೆಂಬ ಪ್ರಮಾಣಪತ್ರವನ್ನು ನೋಡಿದ ಮೇಲೆಯೇ ವಿದ್ಯುತ್ತು, ನೀರು ಮುಂತಾದ ಸಂಪರ್ಕಗಳನ್ನು ಕೊಡತಕ್ಕದ್ದೆಂದು ವಿಧಿಸಿತು. ಆಗ ನಮ್ಮ ನಗರಗಳಲ್ಲಿ ಎದ್ದ ಗದ್ದಲವೇನು! 2025ರಲ್ಲಿ ಬೆಂಗಳೂರಿನ 1200 ಚದರ ಅಡಿವರೆಗಿನ ನಿವೇಶನಗಳ ಮಿತ ಅಂತಸ್ತಿನ ಮನೆಗಳಿಗೆ ಆ ಪ್ರಮಾಣಪತ್ರದಿಂದ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಾಗ ಅನೇಕರು ನಿಟ್ಟುಸಿರುಬಿಟ್ಟರು. ವಾಚಕರೇ, ಪ್ರಮಾಣಪತ್ರದಿಂದ ವಿನಾಯಿತಿ ದೊರೆಯಬಹುದು. ಮಗುವಿನ ಎದೆಗೂಡಿಗೆ ಗಾಳಿಯಿಂದ ವಿನಾಯಿತಿ ದೊರೆಯುವುದೆ? ದಂಡ ಕಟ್ಟಿದ ರಶೀದಿಯನ್ನು ಕಿಟಕಿಗೆ ಅಂಟಿಸಿದರೆ ಅದರೊಳಗಿಂದ ಬೆಳಕು ಬರುವುದೆ? ಅಲ್ಲದೆ ಎಲ್ಲರೂ ಮಾಡುತ್ತಾರೆಂಬ ಕಾರಣಕ್ಕೆ ತಪ್ಪು ತಪ್ಪಲ್ಲವೆಂದು ಮಠದಲ್ಲಿ ನಿಮಗೆ ಯಾರೂ ಕಲಿಸಲಿಲ್ಲ.

ಅಪಾರ್ಟ್‌ಮೆಂಟುಗಳಲ್ಲಿರುವವರು ಈ ಮಾತು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುಗಿಸಬೇಡಿರಿ. ಬಾಲ್ಕನಿಗೆ ಗಾಜು ಹಾಕಿಸಿ ಕೋಣೆ ಮಾಡಿಕೊಂಡವರು ನೀವು. ಮಕ್ಕಳು ಕೆಳಗೆ ಚೆಂಡಾಡಿದರೆ ಕಾರಿನ ಬಣ್ಣ ಕೆಡುತ್ತದೆಂದು ಸಂಘದ ಸಭೆಯಲ್ಲಿ ನಿರ್ಬಂಧ ಹಾಕಿದವರೂ ನೀವೇ. ಮನೆಗೆಲಸಕ್ಕೆ ಬಂದ ಹೆಣ್ಣುಮಗಳು ದಣಿದು ಐದು ನಿಮಿಷ ಉದ್ಯಾನದ ಬೆಂಚಿನ ಮೇಲೆ ಕುಳಿತರೆ ಎಬ್ಬಿಸುವ ಕಟ್ಟಡಗಳೂ ಇವೆ. ಹಳ್ಳಿಯ ಕಟ್ಟೆಗೆ ಅಂಟಿದ್ದ ರೋಗ ಹೆಸರು ಬದಲಿಸಿಕೊಂಡು ಅಲ್ಲಿಗೂ ಬಂದಿದೆ.

ಇನ್ನು ನಮ್ಮ ಸಂಘಸಂಸ್ಥೆಗಳ ಮಾತು. ಅನ್ಯರನ್ನು ಟೀಕಿಸಿ ನಮ್ಮ ಮನೆಯನ್ನು ಮುಚ್ಚಿಡುವುದು ಧರ್ಮವಲ್ಲ. ನಗರಗಳಲ್ಲಿ ನಮ್ಮ ಮಠಗಳಿಗೂ ವಿದ್ಯಾಸಂಸ್ಥೆಗಳಿಗೂ ದಾನಿಗಳು ವಿಶಾಲವಾದ ನಿವೇಶನಗಳನ್ನು ಕೊಟ್ಟರು. ಅವುಗಳಲ್ಲಿ ಎಷ್ಟರ ಅಂಗಳ ಅಂಗಡಿ ಮಳಿಗೆಗಳಾಗಿಲ್ಲ? ಎಷ್ಟು ಪ್ರಸಾದನಿಲಯಗಳ ಆಟದ ಬಯಲು ಕಲ್ಯಾಣಮಂಟಪದ ವಾಹನ ನಿಲುಗಡೆಯಾಗಿಲ್ಲ? ಸಂಸ್ಥೆ ನಡೆಸಲು ಹಣ ಬೇಕೆಂಬುದು ಸತ್ಯ. ಆದರೆ ಮನೆ ಕಟ್ಟಿದ ಭಕ್ತನೂ ಇದನ್ನೇ ಹೇಳುತ್ತಾನೆ. ಭಕ್ತನಿಗೆ ಒಂದು ನ್ಯಾಯ, ಮಠಕ್ಕೆ ಒಂದು ನ್ಯಾಯ ಇರಲಾಗದು. ಶಾಲೆ ಬಿಟ್ಟ ಮೇಲೆ, ರಜಾದಿನಗಳಲ್ಲಿ, ನಮ್ಮ ಸಂಸ್ಥೆಗಳ ಮೈದಾನಗಳ ಗೇಟನ್ನು ಸುತ್ತಮುತ್ತಲ ಮಕ್ಕಳಿಗೆ ಜಾತಿಮತ ಕೇಳದೆ ತೆರೆದಿಡಬೇಕೆಂದು ಈ ಪತ್ರಿಕೆಯ ಮೂಲಕವೇ ನಾನು ಒತ್ತಾಯಿಸುತ್ತೇನೆ.

ಬಯಲು ಎಂಬ ಶಬ್ದವನ್ನು ನಮ್ಮ ಶರಣರು ಪರತತ್ತ್ವಕ್ಕೇ ಹೆಸರಾಗಿ ಬಳಸಿದರು. ಆ ತತ್ತ್ವವನ್ನು ನಾಲ್ಕು ಗೋಡೆಗಳ ವ್ಯವಹಾರಕ್ಕೆ ಇಳಿಸುವುದು ನನ್ನ ಇಂಗಿತವಲ್ಲ. ಆದರೆ ಯಾವುದನ್ನು ಯಾರೂ ತನ್ನದೆಂದು ಕಟ್ಟಿ ಹಾಕಲಾಗದೋ, ಯಾವುದರಲ್ಲಿ ಮೇಲು ಕೀಳೆಂಬ ಗಡಿಗಳಿಲ್ಲವೋ ಅದಕ್ಕೆ ಹೆಸರು ಹುಡುಕಿದಾಗ ಅವರಿಗೆ ಹೊಳೆದದ್ದು ಊರ ಮುಂದಿನ ಬಯಲು. ಆಕಾಶವನ್ನೇ ಕಾಣದೆ ಬೆಳೆದ ಮಗುವಿಗೆ ನಾಳೆ ನೀವು ಬಯಲೆಂಬ ಮಾತಿನ ಅರ್ಥವನ್ನು ಯಾವುದನ್ನು ತೋರಿಸಿ ಹೇಳುವಿರಿ?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಈ ಸಂಚಿಕೆ ಕೈಸೇರಿದ ವಾರದೊಳಗೆ ಬಾಡಿಗೆದಾರರನ್ನೆಲ್ಲ ಕರೆದು ತಾರಸಿಯ ಬೀಗದ ಕೈಯನ್ನು ಅವರಿಗೂ ಒಂದೊಂದು ಕೊಡಿರಿ. ಬೆಳಗ್ಗೆ ಬಟ್ಟೆಗೆ, ಮಧ್ಯಾಹ್ನ ವೃದ್ಧರಿಗೆ, ಸಂಜೆ ಮಕ್ಕಳಿಗೆ ಎಂದು ಹೊತ್ತು ಗೊತ್ತುಮಾಡಿಕೊಂಡರೆ ಜಗಳವೂ ಆಗದು. ಎರಡನೆಯದಾಗಿ, ಹೊಸದಾಗಿ ಕಟ್ಟುವವರು ನಕ್ಷೆಯಲ್ಲಿ ತೋರಿಸಿದ ತೆರಪನ್ನು ನೆಲದಿಂದ ಆಕಾಶದವರೆಗೆ ಬಿಡಿರಿ. ನೆರೆಯವನು ನುಂಗಿದನೆಂದು ನೀವು ನುಂಗಬೇಡಿರಿ. ಮೂರನೆಯದಾಗಿ, ಕೆಳಗಿನ ಮನೆಗೆ ಬೆಳಕಿಲ್ಲದಿದ್ದರೆ, ತೆರಪಿನಲ್ಲಿ ಕಟ್ಟಿದ ಒಂದು ಶೌಚಗೃಹವನ್ನೋ ಉಗ್ರಾಣವನ್ನೋ ಕೆಡವಿಸಿ ಒಂದು ಕಿಟಕಿಗೆ ದಾರಿ ಮಾಡಿರಿ. ಗೃಹಪ್ರವೇಶಕ್ಕೆ ಲಕ್ಷಾಂತರ ವೆಚ್ಚ ಮಾಡಿದವರಿಗೆ ಇದು ಭಾರವಾಗದು. ನಾಲ್ಕನೆಯದಾಗಿ, ಅಪಾರ್ಟ್‌ಮೆಂಟಿನ ಸಂಘಗಳಲ್ಲಿರುವವರು ಮಕ್ಕಳ ಪರವಾಗಿಯೂ ದುಡಿಯುವವರ ಪರವಾಗಿಯೂ ಬಾಯಿ ತೆರೆಯಿರಿ.

ದಾಸೋಹಕ್ಕೆ ನೀವು ಪ್ರತಿವರ್ಷ ಕಳಿಸುವ ಅಕ್ಕಿಯ ಚೀಲಗಳನ್ನು ಮಠ ಕೃತಜ್ಞತೆಯಿಂದ ಸ್ವೀಕರಿಸುತ್ತದೆ. ಆದರೆ ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ. ತನಗೆ ದೊರೆತದ್ದರಲ್ಲಿ ಇತರರ ಪಾಲಿದೆಯೆಂದು ಒಪ್ಪಿಕೊಳ್ಳುವುದು. ನಿಮ್ಮ ಕೆಳಮನೆಯಲ್ಲಿ ಕುಳಿತ ಆ ಹಾವೇರಿಯ ತಾಯಿಗೆ ನಿಮ್ಮ ಅಕ್ಕಿ ಬೇಡ; ಅವರ ಮಗ ದುಡಿಯುತ್ತಾನೆ. ಅವರಿಗೆ ಬೇಕಾದದ್ದು ದಿನಕ್ಕೆ ಒಂದು ಗಳಿಗೆಯ ಬಿಸಿಲು. ಅದನ್ನು ನೀವು ಸೃಷ್ಟಿಸಬೇಕಾಗಿಯೂ ಇಲ್ಲ. ಅಡ್ಡವಾಗಿ ನಿಂತದ್ದನ್ನು ತೆಗೆದರೆ ಸಾಕು.

ಮುಂದಿನ ಶ್ರಾವಣದಲ್ಲಿ ಆ ಶಿಷ್ಯರ ಮನೆಗೆ ಮತ್ತೆ ಹೋಗುತ್ತೇನೆ. ಈ ಲೇಖನವನ್ನು ಅವರೂ ಓದುತ್ತಾರೆಂದು ಬಲ್ಲೆ. ಅವರು ಮುನಿಸಿಕೊಂಡರೂ ಚಿಂತೆಯಿಲ್ಲ. ಆದರೆ ಅಂದು ಪ್ರಸಾದಕ್ಕೆ ಮೊದಲು ತಾರಸಿಗೆ ಹೋಗುತ್ತೇನೆ. ಅಲ್ಲಿ ಆ ತಾಯಿ ಮೊಮ್ಮಗುವಿನೊಡನೆ ಬಿಸಿಲಿಗೆ ಕುಳಿತಿರುವುದನ್ನು ಕಂಡ ಮೇಲೆಯೇ ಎಲೆಯ ಮುಂದೆ ಕೂರುವುದೆಂದು ನಿಶ್ಚಯಿಸಿದ್ದೇನೆ.